ಸಾಕಮ್ಮನ ಬಾಯಿಗೆ ಬಿದ್ದ ಬೀಗ

ನಮ್ಮೂರಿನಲ್ಲಿ ಕೋಟೆ ಆಟ ಆಡದ ಬೀದಿಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗಿನವರು ಈ ಕಥೆ ಕೇಳಿದಾಗಲೆಲ್ಲ ನಡುವೆ ಬಾಯಿ ಹಾಕಿ, ಅಷ್ಟು ಕಷ್ಟವಿದ್ದರೆ ಆ ಹೆಂಗಸು ಆಟ ಬಿಡಬಹುದಿತ್ತಲ್ಲ ಎನ್ನುತ್ತಾರೆ. ಬಿಡಬಹುದಿತ್ತು. ಉಸಿರಾಡುವುದನ್ನೂ ಬಿಡಬಹುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಗೆ ಐದು ಜನರಂತೆ ಫೋನು ಹಿಡಿದು, ಕಿವಿಗೆ ವೈರು ಸಿಕ್ಕಿಸಿಕೊಂಡು, ಅವರವರ ಮನೆಯಲ್ಲೇ ಕೂರುತ್ತೇವೆ. ಫೋನಿನೊಳಗೆ ಒಂದು ಕೋಟೆ, ಕೋಟೆಗೊಂದು ಹೆಬ್ಬಾಗಿಲು. ಇನ್ನೊಂದು ಬೀದಿಯವರು ಅದನ್ನು ಮುರಿಯಲು ಬರುತ್ತಾರೆ. ಕೋಟೆ ಉಳಿದರೆ ಮರುದಿನ ಬೆಳಿಗ್ಗೆ ಬೀದಿಯ ನಲ್ಲಿಗಳಲ್ಲಿ ನೀರು. ಬಿದ್ದರೆ ಬರೀ ಬುಸ್ ಎನ್ನುವ ಗಾಳಿ.

ಆಟದಲ್ಲಿ ಕೆಟ್ಟ ಮಾತಾಡಿದವರ ಮೇಲೆ ಅವರದೇ ತಂಡದ ಮೂವರು ದೂರು ಕೊಟ್ಟರೆ, ಮರುದಿನ ಏಳುವಷ್ಟರಲ್ಲಿ ಅವರ ಗಂಟಲಲ್ಲಿ ದನಿ ಇರುವುದಿಲ್ಲ. ಇದಕ್ಕೆ ಬೀಗ ಬೀಳುವುದು ಎನ್ನುತ್ತೇವೆ. ಸೀನಿದರೂ ಸದ್ದಿಲ್ಲ, ಗೊರಕೆಯೂ ಇಲ್ಲ. ಬೀಗ ಬಿದ್ದವರಿಗೆಂದು ಅಂಗಡಿಗಳಲ್ಲಿ ಪೀಪಿ ಮಾರುತ್ತಾರೆ. ಒಂದು ಸಲ ಊದಿದರೆ ಹೌದು, ಎರಡು ಸಲ ಊದಿದರೆ ಇಲ್ಲ, ಉದ್ದಕ್ಕೆ ಊದಿದರೆ ಬಸ್ಸು ನಿಲ್ಲಿಸಿ ಎಂದು ಅರ್ಥ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವ ಮೊದಲು ಬೀಗ ಎಷ್ಟು ಸಲ ಬಿದ್ದಿದೆ ಎಂದು ಕೇಳುತ್ತಾರೆ. ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟು ಸಲೀಸಾಗಿ ಅಕ್ಕಪಕ್ಕದವರ ಹತ್ತಿರ ಒಂದು ದೂರು ಕೇಳಿ ಪಡೆಯುವುದೂ ಉಂಟು. ಕೆಲವು ಮನೆಗಳಲ್ಲಿ ಗಂಡ ಹೆಂಡತಿ ಪಾಳಿ ಹಾಕಿಕೊಂಡು ಒಬ್ಬರ ಮೇಲೊಬ್ಬರು ದೂರು ಕೊಟ್ಟು, ಹಬ್ಬದ ರಜೆ ಸಿಕ್ಕವರಂತೆ ನೆಮ್ಮದಿಯಾಗಿ ಸಂಸಾರ ಮಾಡುತ್ತಾರೆ.

ದೂರು ಕೊಡುವವರಿಗೂ ಒಂದು ಕಷ್ಟವಿದೆ. ಬೈಗುಳವನ್ನು ಅಕ್ಷರ ತಪ್ಪದೆ, ಬೈದವರ ರಾಗದಲ್ಲೇ ಫೋನಿಗೆ ಒಪ್ಪಿಸಬೇಕು. ಹಾಗಾಗಿ ಆಟ ಮುಗಿದ ಮೇಲೆ ನಮ್ಮೂರಿನ ಬೀದಿಯಲ್ಲಿ ನಡೆದರೆ, ಮರ್ಯಾದಸ್ಥರ ಮನೆಗಳಿಂದಲೇ ಬೇವರ್ಸಿ, ಕತ್ತೆ ಬಡವ, ಮುಂಡೇದೇ ಎಂಬ ಮಾತುಗಳು ಸಾಲಾಗಿ ಕೇಳಿಬರುತ್ತವೆ. ಬೈದವನು ಒಂದು ಸಲ ಬೈದರೆ ಸಭ್ಯರು ಮೂರು ಸಲ ಬೈದಿರುತ್ತಾರೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ, ಅದು ಸಾಕ್ಷಿ.

ನಮ್ಮ ಬೀದಿಯ ಐದು ಜನರಲ್ಲಿ ನಾನೊಬ್ಬ. ಟೈಲರ್ ಕೆಲಸ ನನ್ನದು, ಆಟದಲ್ಲಿ ಕೈ ಸ್ವಲ್ಪ ನಿಧಾನ. ಇನ್ನೊಬ್ಬಳು ಹೂವಿನಂಗಡಿಯ ಸುಲೋಚನಾ, ಚಿಕ್ಕ ವಯಸ್ಸಿನವಳು. ಮತ್ತೊಬ್ಬರು ನಿವೃತ್ತ ಹೆಡ್‌ಮಾಸ್ತರ್ ವರದರಾಜಯ್ಯ, ಎಲ್ಲರ ಬಾಯಲ್ಲೂ ಮೇಷ್ಟ್ರು. ಉಳಿದಿಬ್ಬರು ನನ್ನ ಪಕ್ಕದ ಮನೆಯ ಗಂಡ ಹೆಂಡತಿ, ಅಂಚೆ ಕಚೇರಿಯ ಗುಮಾಸ್ತ ನಂಜುಂಡಪ್ಪ ಮತ್ತು ಸಾಕಮ್ಮ. ನಮ್ಮ ಬೀದಿಗೆ ನೀರು ಬರುತ್ತಿದ್ದದ್ದೇ ಸಾಕಮ್ಮನಿಂದ. ಒಂದು ಕೈಯಲ್ಲಿ ಮುದ್ದೆ ತಿರುವುತ್ತ ಇನ್ನೊಂದು ಕೈಯಲ್ಲಿ ಕೋಟೆ ಕಾಯುತ್ತಿದ್ದ ಗಟ್ಟಿಗಿತ್ತಿ ಅವಳು. ಆದರೆ ಬಾಯಿ! ಅಬ್ಬಬ್ಬಾ. ನಾನು ಒಂದು ಸಲ ಬುರುಜಿನಿಂದ ಬಿದ್ದಾಗ, "ಟೈಲರಣ್ಣ, ನಿನ್ನನ್ನ ಹೆತ್ತಾಗ ನಿಮ್ಮಮ್ಮ ಕೈಕಾಲು ಹೊಲಿಯೋದು ಮರೆತುಬಿಟ್ಟಳಾ? ಏಳೋ, ಕೂಳಿಗೆ ದಂಡ ಭೂಮಿಗೆ ಭಾರ!" ಎಂದಿದ್ದಳು. ನನಗೆ ನಗು ಬಂತು. ಸುಲೋಚನಾಗೆ ನಗು ಬರುವುದಿಲ್ಲ. ಒಂದು ಸಲ ಅವಳು ಸಾಕಮ್ಮನ ಮಾತಿಗೆ ಎರಡು ದಿನ ಅತ್ತು, ಹೂ ಕಟ್ಟುವಾಗ ದಾರಕ್ಕಿಂತ ಕಣ್ಣೀರೇ ಹೆಚ್ಚು ಖರ್ಚು ಮಾಡಿದ್ದಳು. ಅದು ಸುಳ್ಳಲ್ಲ. ಸಾಕಮ್ಮನದು ಸರಿ ಎಂದು ನಾನು ಹೇಳುತ್ತಿಲ್ಲ.

ಮೇಷ್ಟ್ರ ಬಾಯಿಯಾದರೋ ಸಕ್ಕರೆ ಡಬ್ಬಿ. ಆಟದಲ್ಲಿ ಹೆಬ್ಬಾಗಿಲು ಕಾಯುವ ಕೆಲಸ ಅವರದು. ನಡುವೆ ಅವರಿಗೆ ಕಾಫಿ ಬರುತ್ತದೆ, ಮಗಳ ಫೋನು ಬರುತ್ತದೆ, ವಾರ್ತೆ ಬರುತ್ತದೆ. ಬಾಗಿಲು ತೆರೆದೇ ಇಟ್ಟು ಎದ್ದುಹೋಗುತ್ತಾರೆ. ವಾಪಸು ಬಂದು, "ಅಯ್ಯೋ ಕ್ಷಮಿಸಿ ತಂಗಿ, ಕೋಟೆ ಹೋಯ್ತಾ? ಪರವಾಗಿಲ್ಲ, ಸೋಲು ಗೆಲುವು ಇದ್ದದ್ದೇ ಅಲ್ಲವೇ," ಎನ್ನುತ್ತಾರೆ. ಅವರ ಹಿತ್ತಿಲಲ್ಲಿ ಬೋರ್‌ವೆಲ್ ಇದೆ. ಸೋಲು ಗೆಲುವನ್ನು ಸಮನಾಗಿ ಕಾಣಲು ಮನುಷ್ಯನಿಗೆ ಅದೊಂದು ಇದ್ದರೆ ಸಾಕು. ಬಾಗಿಲು ತೆರೆದಿಟ್ಟದ್ದಕ್ಕೆ ದೂರು ಕೊಡಲು ನಮ್ಮ ಆಟದಲ್ಲಿ ಬಟನ್ ಇಲ್ಲ. ಬಾಗಿಲು ತೆರೆದಿದೆ ಎಂದು ಕೂಗಿದವರ ಮೇಲೆ ಕೊಡಲು ಇದೆ. ಬಾಯಿ ಬೆಲ್ಲ ಕರುಳು ಕತ್ತರಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮೇಷ್ಟ್ರಿಗೆ ಪ್ರತಿ ವರ್ಷ 'ಸಜ್ಜನ' ಎಂಬ ಹಳದಿ ಶಾಲು ಬರುತ್ತದೆ. ಅದನ್ನು ಕೊಡುವುದು ಊರಿನ ಸಭ್ಯಾಟ ಸಮಿತಿ. ಸಮಿತಿಯ ಅಧ್ಯಕ್ಷರೂ ಮೇಷ್ಟ್ರೇ.

ಸಾಕಮ್ಮನಿಗೆ ನೀರು ಯಾಕೆ ಅಷ್ಟು ಮುಖ್ಯವೆಂದರೆ ಅವಳ ಅತ್ತೆ, ಪುಟ್ಟತಾಯಮ್ಮ. ಮುದುಕಿ ಹಾಸಿಗೆ ಹಿಡಿದು ಒಂದು ವರ್ಷದ ಮೇಲಾಗಿತ್ತು. ದಿನಕ್ಕೆ ಎರಡು ಸಲ ಬಟ್ಟೆ, ಹೊದಿಕೆ ಎಲ್ಲ ಒಗೆಯಬೇಕು. ನೆನಪು ಪೂರ್ತಿ ಅಳಿಸಿಹೋಗಿ, ಹೆತ್ತ ಮಗ ನಂಜುಂಡಪ್ಪನನ್ನೇ ಯಾರೋ ಹಾಲಿನವನು ಎಂದುಕೊಂಡಿದ್ದಳು. ಅನ್ನ ಕಂಡರೆ ಬಾಯಿ ಬಿಗಿದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಅವಳ ಬಾಯಿ ತೆರೆಸಲು ಒಂದೇ ದಾರಿ. ಸಾಕಮ್ಮ ತಟ್ಟೆ ಹಿಡಿದು ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, "ಏಳೇ ಮುದಿ ಗೂಬೆ! ಮೂಲೆಯ ಹಳೇ ಗೋಣಿಚೀಲ! ಕೂಳಿಗೆ ದಂಡ ಭೂಮಿಗೆ ಭಾರ! ಉಂಡು ಸಾಯಿ, ಉಪವಾಸ ಸತ್ತು ನನ್ನ ತಲೆಗೆ ಕಟ್ಟಬೇಡ!" ಎಂದು ಬೀದಿಗೆ ಕೇಳುವಂತೆ ಅರಚಿದ ಕೂಡಲೇ ಮುದುಕಿಯ ಮುಖ ಅರಳುತ್ತಿತ್ತು. "ಬಂದ್ಯಾ ಸಾಕಿ," ಎಂದು ಬೊಚ್ಚುಬಾಯಿ ತೆರೆಯುತ್ತಿದ್ದಳು. ಆ ಬೈಗುಳಗಳೆಲ್ಲ ಮುದುಕಿಯವೇ. ಸಾಕಮ್ಮ ಹೊಸ ಸೊಸೆಯಾಗಿ ಬಂದಾಗ ಅತ್ತೆ ಅವಳಿಗೆ ಬೈದು ಬೈದು ಕಲಿಸಿದ್ದವು. ಆಟದಲ್ಲಿ ಅವಳು ನಮಗೆ ಬೈಯುತ್ತಿದ್ದದ್ದೂ ಅವನ್ನೇ. ಊರಿಗೆ ಅವು ಬೈಗುಳ, ಆ ಮುದುಕಿಗೆ ಅವೇ ಮನೆಯ ವಿಳಾಸ. ಗೋಡೆಯಾಚೆ ಕೂತು ದಿನಾ ಅದನ್ನು ಕೇಳುತ್ತಿದ್ದ ನನಗೆ, ನನ್ನ ಅಮ್ಮನಿಗೆ ಯಾರೂ ಅಷ್ಟು ಪ್ರೀತಿಯಿಂದ ಬೈಯಲಿಲ್ಲವಲ್ಲ ಎನಿಸುತ್ತಿತ್ತು.

ಸಾಕಮ್ಮನಿಗೆ ಬೀಗ ಹೊಸದಲ್ಲ. ಹಿಂದೆ ಎರಡು ಸಲ ಬಿದ್ದಿತ್ತು, ಆಗ ಅತ್ತೆಗೆ ಇನ್ನೂ ನೆನಪಿತ್ತು. ಸೊಸೆಯ ಪಾಲಿನ ಬೈಗುಳವನ್ನೂ ತಾನೇ ಬೈದುಕೊಂಡು ಊಟ ಮಾಡಿದ್ದಳು. ಆದರೆ ಮೂರನೆಯ ಬೀಗ ಒಂದು ತಿಂಗಳಿನದು. ಅದಾದ ಮೇಲೆ ಮತ್ತೆ ಬಿದ್ದರೆ ವರ್ಷದ್ದು. ಇದು ಗೊತ್ತಿದ್ದೂ ಆ ಸಂಜೆ ಅವಳಿಗೆ ತಡೆಯಲಾಗಲಿಲ್ಲ. ಕುಂಬಾರ ಬೀದಿಯವರ ಮೇಲೆ ಆಟ. ಹಿಂದಿನ ಎರಡು ದಿನ ಸೋತು ಅವಳ ಮನೆಯಲ್ಲಿ ಒಗೆಯದ ಬಟ್ಟೆ ಗುಡ್ಡೆ ಬಿದ್ದಿತ್ತು. ಗೆದ್ದೇಬಿಟ್ಟೆವು ಎನ್ನುವಾಗ ಹೆಬ್ಬಾಗಿಲು ದಡಾರನೆ ತೆರೆದುಕೊಂಡಿತು. ಮೇಷ್ಟ್ರು ಉಪ್ಪಿಟ್ಟು ತಿನ್ನಲು ಹೋಗಿದ್ದರು. "ಏನ್ ಮೇಷ್ಟ್ರೇ, ಬಾಗಿಲು ಕಾಯೋಕೆ ಬಿಟ್ರೆ ಬಾಗಿಲನ್ನೇ ತಿಂದುಹಾಕೋ ಗೆದ್ದಲು ನೀವು! ನಿಮ್ಮ ಉಪ್ಪಿಟ್ಟಿಗೆ ಮಣ್ಣು ಬೀಳ! ಮೂಲೆಯ ಹಳೇ ಗೋಣಿಚೀಲ!" ಎಂದು ಶುರುವಾದವಳು, ಸುಲೋಚನಾಳನ್ನೂ ಬಿಡಲಿಲ್ಲ, ಗಂಡನನ್ನಂತೂ ಜಾಲಾಡಿದಳು. ಮೇಷ್ಟ್ರು ಬಾಯಿ ಒರೆಸಿಕೊಂಡು, "ತಂಗಿ, ನಿನ್ನ ನೋವು ನನಗೆ ಅರ್ಥವಾಗುತ್ತೆ," ಎಂದರು. ಅವರು ಹಾಗಂದರೆ ಹೆಬ್ಬೆರಳು ದೂರಿನ ಬಟನ್ ಮೇಲಿದೆ ಎಂದೇ ಅರ್ಥ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯಿಂದ ಸದ್ದೇ ಇಲ್ಲ. ಹೋಗಿ ನೋಡಿದೆ. ಸಾಕಮ್ಮ ಹಾಸಿಗೆಯ ಪಕ್ಕ ಗಂಜಿಯ ತಟ್ಟೆ ಹಿಡಿದು, ಕತ್ತಿನ ನರ ಉಬ್ಬುವಂತೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಳು. ಮುದುಕಿ ಆ ಸದ್ದಿಲ್ಲದ ಬಾಯಿಯನ್ನು ನೋಡಿ ಹೆದರಿ ಹೊದಿಕೆಯೊಳಗೆ ಸರಿಯುತ್ತಿದ್ದಳು. ಮೂವರ ದೂರಿಲ್ಲದೆ ಬೀಗ ಬೀಳದು. ತಂಡದಲ್ಲಿ ಅವಳನ್ನು ಬಿಟ್ಟರೆ ನಾಲ್ವರು, ನಾನು ಕೊಟ್ಟಿರಲಿಲ್ಲ. ಉಳಿದವರು ಯಾರು ಎಂದು ಲೆಕ್ಕ ಹಾಕಲು ಸಾಕಮ್ಮನಿಗೆ ಬಾಯಿ ಬೇಕಿರಲಿಲ್ಲ. ಅವಳು ನಿಧಾನವಾಗಿ ತಿರುಗಿ ಗಂಡನನ್ನು ನೋಡಿದಳು. ನಂಜುಂಡಪ್ಪ ಬಾಗಿಲ ಸಂದಿಯಲ್ಲಿ ನಿಂತು ಅಂಗಿಯ ಗುಂಡಿ ತಿರುವುತ್ತಿದ್ದ.

"ಒಂದ್ ತಿಂಗಳು ಮನೆ ತಣ್ಣಗಿರ್ತದೆ ಅಂತ..." ಎಂದ ನನ್ನ ಕಡೆ ನೋಡಿ. "ಅಮ್ಮನ ವಿಷಯ ತಲೆಗೇ ಹೊಳೀಲಿಲ್ಲ ಕಣಣ್ಣ."

ಅವನ ಮೇಲೆ ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಊರೆಲ್ಲ ಮಾಡುವುದನ್ನೇ ಅವನೂ ಮಾಡಿದ್ದ. ತಾಯಿಯ ಮುಂದೆ ಕೂತು ತಾನೇ ಬೈದು ನೋಡಿದ. ಹುಟ್ಟಿದಾಗಿನಿಂದ ಏರುದನಿಯಲ್ಲಿ ಮಾತಾಡದ ಮನುಷ್ಯ, "ಏ... ಗೂಬೆ... ಊಟ ಮಾಡಮ್ಮ," ಎಂದ. ಮುದುಕಿ, "ಯಾರ ಮಗುವೋ ಅಳ್ತಾ ಇದೆ, ಎತ್ಕೊಳ್ಳಿ," ಎಂದಳು. ನಾನೂ ಒಂದು ಕೈ ನೋಡಿದೆ. ನನಗೆ ನಡುವೆ ನಗು ಬಂದು ಕೆಟ್ಟಿತು. ಸಾಕಮ್ಮ ಪೀಪಿ ತರಿಸಿ, ಬೈಗುಳದ ರಾಗದಲ್ಲೇ ಊದಿದಳು. ಮುದುಕಿ ಬ್ಯಾಂಡಿನವರು ಬಂದರೆಂದು ಚಪ್ಪಾಳೆ ತಟ್ಟಿದಳೇ ಹೊರತು ಬಾಯಿ ತೆರೆಯಲಿಲ್ಲ. ಅದನ್ನು ಕಂಡು ಸಾಕಮ್ಮ ಪೀಪಿಯನ್ನು ಗೋಡೆಗೆ ಎಸೆದು ಅತ್ತಳು. ಸದ್ದಿಲ್ಲದ ಅಳುವನ್ನು ನೋಡುವುದು ಬಹಳ ಕಷ್ಟ.

ನಂಜುಂಡಪ್ಪನೂ ನಾನೂ ಸಮಿತಿಗೆ ಹೋದೆವು. ಕೊಟ್ಟ ದೂರು ವಾಪಸು ತೆಗೆದುಕೊಳ್ಳುತ್ತೇನೆ, ಬೀಗ ತೆಗೆಸಿ ಎಂದು ನಂಜುಂಡಪ್ಪ ಕೈಮುಗಿದ. ದೂರು ಕೊಡುವ ಬಟನ್ ಇದೆ, ಹಿಂದಕ್ಕೆ ತೆಗೆದುಕೊಳ್ಳುವ ಬಟನ್ ಇಲ್ಲ ಎಂದರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂದು ಒಬ್ಬ ಸದಸ್ಯರು ಗಾದೆ ಸೇರಿಸಿದರು. ನಾನು ಕೇಳಿದೆ, "ಬೈದೋಳು ಸಾಕಮ್ಮ, ಸರಿ. ಮುದುಕಿ ಯಾರನ್ನ ಬೈದಿದ್ಲು? ಅವಳು ಯಾಕೆ ಉಪವಾಸ ಇರ್ಬೇಕು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನೋಡಪ್ಪ, ನಿಯಮ ಎಲ್ಲರಿಗೂ ಒಂದೇ. ಒಬ್ಬರಿಗೆ ಸಡಿಲ ಮಾಡಿದರೆ ನಾಳೆ ಎಲ್ಲರ ಮನೆಯಲ್ಲೂ ಒಂದೊಂದು ಮುದುಕಿ ಹುಟ್ಟಿಕೊಳ್ತಾಳೆ. ಆದರೆ ನಾವು ಕಲ್ಲಲ್ಲ. ಆ ತಾಯಿಗೆ ಒಳ್ಳೆಯ ಮಾತಿನ ಅಭ್ಯಾಸವೇ ಇಲ್ಲ, ಪಾಪ. ನಾವು ಬಂದು ಪ್ರೀತಿಯಿಂದ ಉಣಿಸ್ತೀವಿ."

"ಬಾಗಿಲು ತೆರೆದಿಟ್ಟೋರಿಗೆ ಏನೂ ಇಲ್ವಾ ಮೇಷ್ಟ್ರೇ?" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ನಿನ್ನ ಮನಸ್ಸಿನಲ್ಲಿ ಎಷ್ಟು ಕಹಿ ಇದೆ, ತಮ್ಮಾ," ಎಂದರು. ಸಮಿತಿಯವರೆಲ್ಲ ತಲೆಯಾಡಿಸಿದರು.

ಅಂದಿನಿಂದ ಸಾಕಮ್ಮನ ಮನೆಗೆ ಸಭ್ಯರ ಮೆರವಣಿಗೆ. ಒಬ್ಬರು ದಾಳಿಂಬೆ ತಂದು ಬಿಡಿಸಿ, "ಬಂಗಾರದಂಥ ಅಜ್ಜಿ, ಆ ಮಾಡಿ," ಎಂದರು. ಸುಲೋಚನಾ ಮಲ್ಲಿಗೆ ಮುಡಿಸಿ, "ಅಜ್ಜಿ, ನನ್ನಾಣೆ," ಎಂದು ಗೋಗರೆದಳು. ಅವಳಿಗೆ ನಿಜಕ್ಕೂ ಸಂಕಟವಾಗಿತ್ತು. ಹೋಗುವಾಗ ಸಾಕಮ್ಮನ ಕೈ ಹಿಡಿದು, "ನಂಗೆ ಬೈದಿದ್ದು ನೋವಾಗಿತ್ತು ಕಣಕ್ಕ, ಇಷ್ಟಾಗ್ಲಿ ಅಂತ ಅಂದ್ಕೊಂಡಿರ್ಲಿಲ್ಲ," ಎಂದಳು. ಸಾಕಮ್ಮ ಅವಳ ತಲೆ ಸವರಿ ಕಳಿಸಿದಳು. ಮುದುಕಿ ಮಾತ್ರ ಈ ಸಿಹಿಮಾತುಗಳಿಗೆಲ್ಲ, ಯಾವುದೋ ಗೊತ್ತಿಲ್ಲದ ಊರಿನ ಛತ್ರದಲ್ಲಿ ಬಿಟ್ಟುಹೋದವರಂತೆ ಬೆದರಿ ನೋಡುತ್ತಿದ್ದಳು. ನಾಲ್ಕು ಚಮಚ ನೀರು ಬಿಟ್ಟರೆ ಏನೂ ಇಳಿಯಲಿಲ್ಲ. ಕೆನ್ನೆ ಒಳಕ್ಕೆ ಹೋಯಿತು. ನರ್ಸಮ್ಮ ಬಂದು ನೋಡಿ, ಹೀಗೇ ಆದರೆ ಬಹಳ ದಿನ ಇಲ್ಲ ಎಂದು ಮೆಲ್ಲಗೆ ಹೇಳಿ ಹೋದಳು.

ಕೊನೆಗೆ ಮೇಷ್ಟ್ರೇ ಬಂದರು, ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಮೇಲೆ ಹಳದಿ ಶಾಲು. ಪಕ್ಕ ಕೂತು ಚಮಚದಲ್ಲಿ ಗಂಜಿ ಎತ್ತಿ, "ಅಮ್ಮಾ ತಾಯಿ, ಅನ್ನಪೂರ್ಣೆ," ಎಂದು ಅರ್ಧ ಗಂಟೆ ಹಾಡಿದಂತೆ ಹೇಳಿದರು. ಮುದುಕಿ ಬಾಯಿ ತೆರೆದಳು. ನಮಗೆಲ್ಲ ಜೀವ ಬಂತು. ಮೇಷ್ಟ್ರು ಹೆಮ್ಮೆಯಿಂದ ನಮ್ಮ ಕಡೆ ತಿರುಗಿದರು. ಅಷ್ಟರಲ್ಲಿ ಮುದುಕಿ ಬಾಯಲ್ಲಿದ್ದ ಗಂಜಿಯನ್ನೆಲ್ಲ ಪುಸಕ್ಕನೆ ಅವರ ಜುಬ್ಬ, ಶಾಲು, ಕನ್ನಡಕದ ಮೇಲೆ ಉಗಿದಳು.

ಮೇಷ್ಟ್ರು ಎದ್ದು ನಿಂತರು. ಕನ್ನಡಕ ಕಿತ್ತು ತೆಗೆದರು. ಆಮೇಲೆ ಅವರ ಬಾಯಿಂದ ಬಂದದ್ದನ್ನು ಕೇಳಿ ನಾನು ಗೋಡೆಗೆ ಒರಗಿಬಿಟ್ಟೆ. "ಏಳೇ ಮುದಿ ಗೂಬೆ! ಮೂಲೆಯ ಹಳೇ ಗೋಣಿಚೀಲ! ಕೂಳಿಗೆ ದಂಡ ಭೂಮಿಗೆ ಭಾರ!" ಅಕ್ಷರ ತಪ್ಪಿಲ್ಲ, ರಾಗ ತಪ್ಪಿಲ್ಲ, ಸಾಕಮ್ಮ ಎಲ್ಲಿ ಉಸಿರು ಎಳೆಯುತ್ತಿದ್ದಳೋ ಅಲ್ಲೇ ಉಸಿರು ಎಳೆದರು. ತಪ್ಪುವುದಾದರೂ ಹೇಗೆ? ಒಬ್ಬರ ದೂರಿಗೆ ಬೀಗ ಬೀಳದಿದ್ದರೂ ವರ್ಷಗಟ್ಟಲೆ ಪ್ರತಿ ಸಂಜೆ ಸಾಕ್ಷಿಯೆಂದು ಫೋನಿಗೆ ಒಪ್ಪಿಸಿ ಒಪ್ಪಿಸಿ ಅವರಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಮುದುಕಿಯ ಕಣ್ಣಿನಲ್ಲಿ ನೀರು ತುಂಬಿತು. "ಬಂದ್ಯಾ ಸಾಕಿ? ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?" ಎಂದು ಮೇಷ್ಟ್ರ ಕೈ ಹಿಡಿದುಕೊಂಡು ಬಾಯಿ ಅಗಲಿಸಿದಳು. ಸಾಕಮ್ಮ ಓಡಿಬಂದು ಚಮಚ ಎತ್ತಿಕೊಂಡಳು. ಬಟ್ಟಲು ಖಾಲಿಯಾಯಿತು.

ಆಮೇಲೆ ದಿನಾ ಬೆಳಿಗ್ಗೆ ಸಂಜೆ ಮೇಷ್ಟ್ರು ಬಂದು ಬೈಯತೊಡಗಿದರು. ಮೊದಮೊದಲು ನಾಚಿಕೆಯಿಂದ ಕಿಟಕಿ ಮುಚ್ಚಿ ಬೈಯುತ್ತಿದ್ದರು. ಸಮಿತಿಯವರು ಇದನ್ನು ಸೇವೆ ಎಂದು ಘೋಷಿಸಿದ ಮೇಲೆ ಕಿಟಕಿ ತೆರೆದರು. ನಿವೃತ್ತಿಯಾದ ಮೇಲೆ ಬಾಡಿದ್ದ ಮುಖದಲ್ಲಿ ಕಳೆ ಬಂತು, ಬಿ.ಪಿ. ಇಳಿಯಿತಂತೆ. ತಮ್ಮದೇ ಎರಡು ಹೊಸ ಬೈಗುಳಗಳನ್ನೂ ಸೇರಿಸಿಕೊಂಡರು. ಬೀಗ ಬಿದ್ದವರು ಆಡುವಂತಿಲ್ಲ, ಹಾಗಾಗಿ ಅತ್ತ ಆಟದಲ್ಲಿ ಸಾಕಮ್ಮನ ಜಾಗಕ್ಕೆ ಮೇಷ್ಟ್ರ ಅಳಿಯ ಬಂದಿದ್ದ, ಅವನೂ ಬಹಳ ಸಭ್ಯ. ಒಂದು ದಿನವೂ ಗೆಲ್ಲಲಿಲ್ಲ. ಬೀದಿಯವರೆಲ್ಲ ಕೊಡ ಹಿಡಿದು ಮೇಷ್ಟ್ರ ಬೋರ್‌ವೆಲ್ ಮುಂದೆ ಸಾಲು ನಿಂತೆವು. ಅವರು ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಿ ನೀರು ಬಿಡುತ್ತಿದ್ದರು. ಸಾಕಮ್ಮನೂ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಕೊಡ ಕೆಳಗಿಟ್ಟು ಅವರಿಗೆ ಕೈಮುಗಿಯುತ್ತಿದ್ದಳು.

ತಿಂಗಳು ಕಳೆದ ಬೆಳಿಗ್ಗೆ ನಾನು ಕತ್ತರಿ ಕೆಳಗಿಟ್ಟು ಗೋಡೆಗೆ ಕಿವಿಗೊಟ್ಟು ಕೂತಿದ್ದೆ. ಸಾಕಮ್ಮ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ನನಗಾದ ಖುಷಿಯನ್ನು ಹೇಳಲಾರೆ, ಹೊಲಿಯುತ್ತಿದ್ದ ರವಿಕೆ ಕೈಯಲ್ಲೇ ಹಿಡಿದು ಅವಳ ಮನೆಗೆ ಓಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟೆ ಹಿಡಿದು ನಿಂತಿದ್ದಳು. "ಏಳೇ ಮುದಿ ಗೂಬೆ!" ಎಂದಳು. ದನಿ ಒಡೆದು, ಸ್ವಲ್ಪ ಗೊಗ್ಗರಾಗಿತ್ತು. ಇನ್ನೂ ಗಟ್ಟಿಯಾಗಿ, "ಉಂಡು ಸಾಯಿ, ನನ್ನ ತಲೆಗೆ ಕಟ್ಟಬೇಡ!" ಎಂದಳು.

ಮುದುಕಿ ನಡುಗುತ್ತ ಗೋಡೆಗೆ ಅಂಟಿಕೊಂಡಳು. "ಅಯ್ಯೋ, ಯಾವಳೋ ಬಂದು ಬೈತಾ ಇದಾಳೆ! ಸಾಕೀ! ಬೇಗ ಬಾರೇ ಸಾಕೀ!"

"ನಾನೇ ಕಣೇ ಸಾಕಿ," ಎಂದಳು ಸಾಕಮ್ಮ. ಅದು ಬೈಗುಳವಾಗಿರಲಿಲ್ಲ, ಅಳುವಾಗಿತ್ತು. ಮುದುಕಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಬೆಳಗಿನ ಸರದಿಗೆ ಬಂದ ಮೇಷ್ಟ್ರು ಹೊಸಿಲು ದಾಟುವಾಗಲೇ ಶುರು ಮಾಡಿದರು. ಮುದುಕಿ, "ಬಂದ್ಯಾ, ನೋಡೇ ಇವಳನ್ನ," ಎಂದು ಬಾಯಿ ತೆರೆದಳು. ಮೇಷ್ಟ್ರು ಬೈದರು, ಸಾಕಮ್ಮ ಉಣಿಸಿದಳು. ನಾನು ಅಲ್ಲಿ ನಿಲ್ಲಲಾರದೆ ಮನೆಗೆ ಬಂದೆ. ರವಿಕೆಯ ತೋಳು ಉಲ್ಟಾ ಹೊಲಿದಿದ್ದೆ.

ಅಂದು ಸಂಜೆ ಸಾಕಮ್ಮ ಆಟಕ್ಕೆ ಬಂದಳು. ಊರಿಗೆಲ್ಲ ಕುತೂಹಲ, ಸಮಿತಿಯವರು ಕೂಡ ಕೇಳಿಸಿಕೊಳ್ಳಲು ಕೂತಿದ್ದರು. ಅವಳ ಕೈ ಮೊದಲಿನಂತೆಯೇ ಚುರುಕು. ಬುರುಜು ಕಾದಳು, ಎದುರಿನವರನ್ನು ಹಿಂದಕ್ಕೆ ಅಟ್ಟಿದಳು, ಇನ್ನೇನು ಗೆದ್ದೆವು. ಹೆಬ್ಬಾಗಿಲು ತೆರೆದುಕೊಂಡಿತು. ಮೇಷ್ಟ್ರು ಕಾಫಿಗೆ ಹೋಗಿದ್ದರು. ಕೋಟೆ ಬಿತ್ತು. ನಾನು ಕಾದೆ. ಬೈಯಮ್ಮ, ಬೈಯಿ, ಬೀಗ ಬಿದ್ದರೆ ಬೀಳಲಿ ಎಂದು ಒಳಗೇ ಬೇಡಿಕೊಂಡೆ.

"ಅಯ್ಯೋ ಕ್ಷಮಿಸಿ ತಂಗಿ," ಎಂದರು ಮೇಷ್ಟ್ರು, ಲೋಟ ಕೆಳಗಿಟ್ಟ ಸದ್ದಿನೊಂದಿಗೆ.

"ಪರವಾಗಿಲ್ಲ ಬಿಡಿ ಮೇಷ್ಟ್ರೇ, ಆಟ ಅಲ್ವಾ," ಎಂದಳು ಸಾಕಮ್ಮ. ಹಾಗೇ, "ನಾಳೆ ಬೆಳಿಗ್ಗೆ ಒಂಚೂರು ಬೇಗ ಬರ್ತೀರಾ? ಅಮ್ಮನಿಗೆ ಬೇಗ ಹಸಿವಾಗುತ್ತೆ," ಎಂದಳು.

"ಖಂಡಿತ ತಂಗಿ, ಅದಕ್ಕೇನಂತೆ," ಎಂದರು ಮೇಷ್ಟ್ರು. ಶಿಕ್ಷೆಯಿಂದ ಮನುಷ್ಯರು ಸುಧಾರಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಸಮಿತಿಯವರು ಅಲ್ಲೇ ಹೇಳಿ, ಮುಂದಿನ ಶಾಲು ಸಾಕಮ್ಮನಿಗೆ ಎಂದು ತೀರ್ಮಾನಿಸಿದರು. ಅಂದಿನ ಆಟದಲ್ಲಿ ಯಾರ ಮೇಲೂ ಯಾರೂ ದೂರು ಕೊಡಲಿಲ್ಲ. ದೂರು ಕೊಡುವಂಥ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ.